ಫ್ರಾಂಚೈಸಿ ಪದ್ಧತಿ: ಉದ್ಯಮಿಗೆ ದೊರೆಯುವ ಲಾಭ

ಒಂದು ಊರಿನಲ್ಲಿ ಹೆಸರು ಮಾಡಿದ ಅಂಗಡಿಯ ಅಥವಾ ಹೋಟೆಲಿನ ಮಾಲೀಕರ ಮುಂದೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದು ನಿಲ್ಲುತ್ತದೆ. ವ್ಯಾಪಾರ ಚೆನ್ನಾಗಿದೆ, ಗಿರಾಕಿಗಳು ದೂರದ ಬಡಾವಣೆಗಳಿಂದಲೂ ಬರುತ್ತಾರೆ, ತಮ್ಮ ಕಡೆಗೂ ಒಂದು ಶಾಖೆ ತೆರೆಯಬೇಕೆಂದು ಒತ್ತಾಯಿಸುತ್ತಾರೆ. ಆದರೆ ಎರಡನೆಯ ಶಾಖೆಗೆ ಬೇಕಾದ ಹಣ ಕೈಯಲ್ಲಿರುವುದಿಲ್ಲ. ಹಣ ಹೇಗೋ ಹೊಂದಿದರೂ ಗಲ್ಲಾದ ಮುಂದೆ ಕುಳಿತುಕೊಳ್ಳಲು ನಂಬಿಕೆಯ ವ್ಯಕ್ತಿ ಸಿಗುವುದಿಲ್ಲ. ಈ ಎರಡು ಕೊರತೆಗಳನ್ನು ಒಟ್ಟಿಗೆ ನೀಗಿಸುವ ವ್ಯವಸ್ಥೆಯಾಗಿ ಫ್ರಾಂಚೈಸಿ ಪದ್ಧತಿ ಬೆಳೆದು ಬಂದಿದೆ.

ಈ ಪದ್ಧತಿಯಲ್ಲಿ ಹೆಸರು, ಮಾಡುವ ವಿಧಾನ ಮತ್ತು ತರಬೇತಿ ಮೂಲ ಉದ್ಯಮಿಯದು. ಬಂಡವಾಳ, ಅಂಗಡಿ ಮತ್ತು ದಿನದಿನದ ದುಡಿಮೆ ಅದನ್ನು ಪಡೆದ ಫ್ರಾಂಚೈಸಿದಾರನದು. ಹೆಸರನ್ನು ಬಳಸಿಕೊಂಡದ್ದಕ್ಕಾಗಿ ಫ್ರಾಂಚೈಸಿದಾರನು ಆರಂಭದಲ್ಲಿ ಒಂದು ಶುಲ್ಕವನ್ನೂ ಆಮೇಲೆ ಮಾರಾಟದ ಇಂತಿಷ್ಟು ಭಾಗವನ್ನು ರಾಯಲ್ಟಿಯಾಗಿಯೂ ಕೊಡುತ್ತಾನೆ. ನಿಘಂಟುಗಳಲ್ಲಿ ಈ ಇಂಗ್ಲಿಷ್ ಪದಕ್ಕೆ ‘ಮತಾಧಿಕಾರ’ ಎಂಬ ಅರ್ಥವೂ ಇದೆ. ಪದದ ಫ್ರೆಂಚ್ ಮೂಲಕ್ಕೆ ‘ಸ್ವಾತಂತ್ರ್ಯ’ ಎಂಬ ಅರ್ಥವಿದೆ. ವ್ಯಾಪಾರದಲ್ಲಿ ಮಾತ್ರ ಇದು, ದೋಸೆಯ ಅಗಲದಿಂದ ನಾಮಫಲಕದ ಬಣ್ಣದವರೆಗೆ ಎಲ್ಲವನ್ನೂ ಮತ್ತೊಬ್ಬರ ಅಪ್ಪಣೆಯಂತೆ ಮಾಡಲು ಒಪ್ಪುವ ಕರಾರು! ಆದ್ದರಿಂದ ಅನುವಾದಕ್ಕೆ ತೊಡಗದೆ ಬಳಕೆಯಲ್ಲಿರುವ ಪದವನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ಹೊರನಾಡಿನ ಕನ್ನಡಿಗರಿಗೆ ಹಲವು ಶಾಖೆಗಳ ವ್ಯಾಪಾರ ಹೊಸದೇನಲ್ಲ. ಮುಂಬಯಿಯ ಮಾಟುಂಗ, ಚೆನ್ನೈ, ಪುಣೆ, ಹೈದರಾಬಾದುಗಳಲ್ಲಿ ಉಡುಪಿ ಹೋಟೆಲುಗಳು ಹಬ್ಬಿದ ಬಗೆಯನ್ನು ನೆನೆಯಬಹುದು. ಊರಿನಿಂದ ಬಂದ ಹುಡುಗ ಮೊದಲು ಮೇಜು ಒರೆಸಿದ, ಅನಂತರ ಅಡುಗೆಮನೆ ಸೇರಿದ, ಗಲ್ಲಾದಲ್ಲಿ ಕುಳಿತ, ಕೊನೆಗೆ ಬಂಧುಗಳ ನೆರವಿನಿಂದ ತನ್ನದೇ ಹೋಟೆಲು ತೆರೆದ. ಕರಾರುಪತ್ರವಿರಲಿಲ್ಲ, ರಾಯಲ್ಟಿ ಇರಲಿಲ್ಲ. ಸಾಂಬಾರಿನ ಹದ ಕೈಯಿಂದ ಕೈಗೆ ದಾಟಿತು. ಇದು ಅತ್ಯಂತ ಯಶಸ್ವಿಯಾದ ವಿಸ್ತರಣೆ, ಆದರೆ ಫ್ರಾಂಚೈಸಿ ಅಲ್ಲ. ಏಕೆಂದರೆ ‘ಉಡುಪಿ’ ಎಂಬ ಹೆಸರಿಗೆ ಒಡೆಯರಿಲ್ಲ. ಊರಿನ ಹೆಸರನ್ನಷ್ಟೇ ತನ್ನ ಏಕಸ್ವಾಮ್ಯದ ವ್ಯಾಪಾರಚಿಹ್ನೆಯಾಗಿ ಪಡೆಯಲು 1999ರ ವ್ಯಾಪಾರಚಿಹ್ನೆ ಕಾಯಿದೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಒಡೆತನವಿಲ್ಲದ ಹೆಸರನ್ನು ಬಾಡಿಗೆಗೆ ಕೊಡಲಾಗದು. ಯಾರು ಬೇಕಾದರೂ ಆ ಫಲಕ ಹಾಕಿಕೊಳ್ಳಬಹುದಾದ್ದರಿಂದ, ಒಬ್ಬರ ಕೆಟ್ಟ ಅಡುಗೆಯ ಅಪಕೀರ್ತಿಯನ್ನು ಎಲ್ಲರೂ ಹಂಚಿಕೊಳ್ಳಬೇಕಾಗುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಕರಾವಳಿಯ ಉದಾಹರಣೆಯನ್ನು ಇಟ್ಟು ನೋಡಬೇಕು. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗನಾದ ರಘುನಂದನ ಶ್ರೀನಿವಾಸ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಅಂಗಡಿಯನ್ನು ತೆರೆದರು. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದರ ಮಳಿಗೆಗಳು ದೇಶದ ಹಲವು ನಗರಗಳಲ್ಲಿದ್ದವು; ಅವುಗಳಲ್ಲಿ ಬಹುಪಾಲು ಫ್ರಾಂಚೈಸಿದಾರರವು. ಸೀತಾಫಲವನ್ನೋ ಎಳನೀರನ್ನೋ ಐಸ್‌ಕ್ರೀಮ್ ಮಾಡುವ ಕೆಲಸ ಫ್ರಾಂಚೈಸಿದಾರನ ಕೈಗೆ ಹೋಗುವುದಿಲ್ಲ; ಅದು ಸಂಸ್ಥೆಯ ಕಾರ್ಖಾನೆಯಲ್ಲಿ ನಡೆಯುತ್ತದೆ. ಮಳಿಗೆಯವರು ತಣ್ಣಗೆ ಕಾಪಾಡಿ, ಶುಚಿಯಾಗಿ ಬಡಿಸಬೇಕು, ಅಷ್ಟೆ. ರುಚಿಯನ್ನು ನಿರ್ಧರಿಸುವ ಹಂತ ಮೂಲ ಉದ್ಯಮಿಯ ಬಳಿಯೇ ಉಳಿದಾಗ ಹೆಸರು ಕೆಡುವ ಭಯ ಬಹಳಷ್ಟು ಕಡಿಮೆಯಾಗುತ್ತದೆ. ದೋಸೆಯ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ಹಿಟ್ಟು ಹುದುಗುವುದು ಆಯಾ ಊರಿನ ಹವೆಯನ್ನು ಅವಲಂಬಿಸಿದೆ; ಜನವರಿಯ ದೆಹಲಿಯಲ್ಲಿ ಹುದುಗಿದಂತೆ ಮೇ ತಿಂಗಳ ಚೆನ್ನೈಯಲ್ಲಿ ಹುದುಗುವುದಿಲ್ಲ. ಕೆಲವು ಸರಣಿ ಹೋಟೆಲುಗಳು ಹಿಟ್ಟನ್ನೂ ಮಸಾಲೆ ಪುಡಿಯನ್ನೂ ಒಂದೇ ಅಡುಗೆಮನೆಯಿಂದ ಕಳುಹಿಸುವುದಕ್ಕೆ ಇದೇ ಕಾರಣ.

ಮೂಲ ಉದ್ಯಮಿಗೆ ಆಗುವ ಲಾಭ

ಮೊದಲನೆಯದು ಬಂಡವಾಳ. ಒಂದು ಚಿಕ್ಕ ಉಪಾಹಾರ ಮಂದಿರ ತೆರೆಯಲು 20 ಲಕ್ಷ ರೂಪಾಯಿ ಬೇಕೆಂದು ಭಾವಿಸೋಣ. ಹತ್ತು ಶಾಖೆಗಳಿಗೆ 2 ಕೋಟಿ. ಸಣ್ಣ ಉದ್ಯಮಿಗೆ ಇಷ್ಟು ಸಾಲ ಸಿಗುವುದು ಕಷ್ಟ. ಸಿಕ್ಕರೂ ಬಡ್ಡಿಯ ಭಾರ ಹೊತ್ತು ನಿದ್ರಿಸುವುದು ಇನ್ನೂ ಕಷ್ಟ. ಫ್ರಾಂಚೈಸಿಯಲ್ಲಿ ಈ 2 ಕೋಟಿಯನ್ನು ಹತ್ತು ಮಂದಿ ಹೂಡುತ್ತಾರೆ. ಒಂದು ಶಾಖೆ ಮುಚ್ಚಿದರೆ ಮೂಲ ಉದ್ಯಮಿಯ ಹೆಸರಿಗೆ ಪೆಟ್ಟು ಬೀಳುತ್ತದೆಯೇ ಹೊರತು ಅವನ ಮನೆ ಅಡವಿಗೆ ಹೋಗುವುದಿಲ್ಲ.

ಎರಡನೆಯದು ಮೇಲ್ವಿಚಾರಣೆ. ಸಂಬಳದ ವ್ಯವಸ್ಥಾಪಕ ರಾತ್ರಿ ಹತ್ತಕ್ಕೆ ಬಾಗಿಲು ಹಾಕಿ ಹೋಗುತ್ತಾನೆ. ತನ್ನ ಉಳಿತಾಯವನ್ನೆಲ್ಲ ಹಾಕಿದವನು ಕೊನೆಯ ಪಾತ್ರೆ ತೊಳೆದದ್ದನ್ನು ನೋಡಿ ಹೋಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ಈ ಪದ್ಧತಿಯ ನಿಜವಾದ ಬಲ ಹಣದಲ್ಲಿಲ್ಲ, ಇಲ್ಲಿದೆ. ಹಣವನ್ನು ಬ್ಯಾಂಕಿನಿಂದಲೂ ತರಬಹುದು, ಒಡೆಯನ ಕಣ್ಣನ್ನು ಸಂಬಳಕ್ಕೆ ತರಲಾಗದು. ಇದರ ಜೊತೆಗೆ ಸ್ಥಳದ ಪರಿಚಯವೂ ಸೇರುತ್ತದೆ. ಯಾವ ರಸ್ತೆಯಲ್ಲಿ ಸಂಜೆ ಜನ ಓಡಾಡುತ್ತಾರೆ, ಯಾವ ಕಚೇರಿಗೆ ಯಾವ ದಿನ ರಜೆ, ಪೌರಸಂಸ್ಥೆಯ ಪರವಾನಗಿಗೆ ಯಾವ ಕಿಟಕಿಯಲ್ಲಿ ನಿಲ್ಲಬೇಕು ಎಂಬುದನ್ನು ಮುಂಬಯಿಯಲ್ಲಿ ಕುಳಿತವರಿಗಿಂತ ಹೈದರಾಬಾದಿನವರು ಚೆನ್ನಾಗಿ ಬಲ್ಲರು.

ಶಾಖೆಗಳು ಹೆಚ್ಚಿದಂತೆ ಖರೀದಿಯ ಬಲವೂ ಹೆಚ್ಚುತ್ತದೆ. ಹತ್ತು ಮಳಿಗೆಗಳಿಗೆ ಒಟ್ಟಿಗೆ ಉದ್ದಿನಬೇಳೆ, ಎಣ್ಣೆ, ಕಾಫಿಪುಡಿ ಕೊಳ್ಳುವವರಿಗೆ ಸಗಟು ವ್ಯಾಪಾರಿ ಹೇಳುವ ದರವೇ ಬೇರೆ. ಜಾಹೀರಾತಿನ ವೆಚ್ಚವೂ ಹಂಚಿಹೋಗುತ್ತದೆ.

ನಮ್ಮ ದೇಶದಲ್ಲಿ ಈ ಮಾದರಿಯು ಹೆಚ್ಚು ಜನರ ಕಣ್ಣಿಗೆ ಬಿದ್ದದ್ದು ಕಂಪ್ಯೂಟರ್ ಶಿಕ್ಷಣದಲ್ಲಿ. 1981ರಲ್ಲಿ ಆರಂಭವಾದ ಎನ್‌ಐಐಟಿ ಸಂಸ್ಥೆ 1987ರಿಂದ ಫ್ರಾಂಚೈಸಿ ಕೇಂದ್ರಗಳನ್ನು ತೆರೆಯಿತು. ತೊಂಬತ್ತರ ದಶಕದಲ್ಲಿ ಜಿಲ್ಲಾ ಕೇಂದ್ರಗಳಿಗೂ ಇಂಥ ಶಾಲೆಗಳು ಬಂದವು. ಅದೇ ಕಾಲದ ಎಸ್‌ಟಿಡಿ ಮತಗಟ್ಟೆಯಂಥ ಗಾಜಿನ ಗೂಡುಗಳು ಕಟ್ಟುನಿಟ್ಟಾಗಿ ಫ್ರಾಂಚೈಸಿ ಅಲ್ಲದಿದ್ದರೂ ಅದೇ ಕುಲದವು: ತಂತಿ ಇಲಾಖೆಯದು, ಜಾಗ ಮತ್ತು ದುಡಿಮೆ ಖಾಸಗಿಯವರದು, ಆದಾಯ ಕಮಿಷನ್ ರೂಪದ್ದು. ಮೊಬೈಲ್ ಫೋನ್ ಬಂದ ಮೇಲೆ ಅವು ಇಲ್ಲವಾದವು. ಅಂಚೆ ಇಲಾಖೆಯೂ ಫ್ರಾಂಚೈಸಿ ಮಳಿಗೆಗಳಿಗೆ ಅವಕಾಶ ನೀಡಿದೆ. ಅಲ್ಲಿ ಕೌಂಟರಿನ ಕೆಲಸ ಫ್ರಾಂಚೈಸಿದಾರನದು, ಮನೆಮನೆಗೆ ತಲುಪಿಸುವ ಕೆಲಸ ಇಲಾಖೆಯದು. ಅಮುಲ್ ಮಳಿಗೆಗಳಲ್ಲಿ ರಾಯಲ್ಟಿಯೇ ಇಲ್ಲ. ಹಾಲು, ಬೆಣ್ಣೆ, ಐಸ್‌ಕ್ರೀಮಿನ ಮಾರಾಟದಲ್ಲಿ ಸಿಗುವ ಅಂತರವೇ ಮಳಿಗೆಯವರ ಆದಾಯ. ಹಾಲಿನಲ್ಲಿ ಅದು ಅತ್ಯಲ್ಪ, ಐಸ್‌ಕ್ರೀಮಿನಲ್ಲಿ ಹೆಚ್ಚು.

ಲೆಕ್ಕದ ಇನ್ನೊಂದು ಮಗ್ಗುಲು

ಲಾಭವನ್ನು ಹೇಳುವ ಕರಪತ್ರಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಮೂಲ ಉದ್ಯಮಿಗೆ ಲಾಭವಾದಾಗ ಫ್ರಾಂಚೈಸಿದಾರನಿಗೂ ಆಗುತ್ತದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡದೆ ಮುಂದೆ ಹೋಗುವಂತಿಲ್ಲ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ.

20 ಲಕ್ಷ ಹೂಡಿದ ಉಪಾಹಾರ ಮಂದಿರವೊಂದರ ತಿಂಗಳ ಮಾರಾಟ, ತೆರಿಗೆ ಬಿಟ್ಟು, 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಸಾಮಗ್ರಿಗೆ ಶೇಕಡ 35ರಂತೆ 2,10,000, ಬಾಡಿಗೆ 90,000 ಮತ್ತು ಅದರ ಮೇಲೆ ಶೇಕಡ 18ರ ಜಿಎಸ್‌ಟಿ 16,200, ಸಂಬಳ 1,20,000, ವಿದ್ಯುತ್, ಗ್ಯಾಸ್ ಮತ್ತಿತರ ವೆಚ್ಚ 60,000, ಶೇಕಡ 6ರ ರಾಯಲ್ಟಿ 36,000 ಮತ್ತು ಅದರ ಮೇಲಿನ ಜಿಎಸ್‌ಟಿ 6,480. ಒಟ್ಟು ವೆಚ್ಚ 5,38,680. ಕೈಯಲ್ಲಿ ಉಳಿದದ್ದು 61,320. ಹೂಡಿದ ಹಣಕ್ಕೆ ವರ್ಷಕ್ಕೆ ಶೇಕಡ 12ರಂತೆ ತಿಂಗಳಿಗೆ 20,000 ಬಡ್ಡಿ ಕಳೆಯಬೇಕು. ಒಲೆ, ಫ್ರಿಜ್, ಮೇಜು ಕುರ್ಚಿಗಳು ಐದು ವರ್ಷದಲ್ಲಿ ಸವೆದುಹೋಗುತ್ತವೆ ಎಂದಾದರೆ ಆ ಬಾಬ್ತು ತಿಂಗಳಿಗೆ 33,333. ನಿಜವಾದ ಉಳಿಕೆ 8,000 ರೂಪಾಯಿಗೂ ಕಡಿಮೆ.

ಇನ್ನು ಮಾರಾಟ ಶೇಕಡ 10 ಕುಸಿದರೆ? ಮಾರಾಟ 5,40,000, ಸಾಮಗ್ರಿಯ ವೆಚ್ಚ 1,89,000ಕ್ಕೆ ಇಳಿಯುತ್ತದೆ, ರಾಯಲ್ಟಿ ಮತ್ತು ಅದರ ತೆರಿಗೆ 38,232ಕ್ಕೆ ಇಳಿಯುತ್ತದೆ, ಬಾಡಿಗೆ, ಸಂಬಳ, ವಿದ್ಯುತ್ತು ಇಳಿಯುವುದಿಲ್ಲ. ಕೈಯಲ್ಲಿ ಉಳಿಯುವುದು 26,568. ಬಡ್ಡಿ ಮತ್ತು ಸವಕಳಿ ಕಳೆದರೆ ತಿಂಗಳಿಗೆ ಸುಮಾರು 26,800 ರೂಪಾಯಿ ನಷ್ಟ. ಅದೇ ತಿಂಗಳು ಮೂಲ ಉದ್ಯಮಿಗೆ ಕಡಿಮೆಯಾದದ್ದು 3,600 ರೂಪಾಯಿ ಮಾತ್ರ! ರಾಯಲ್ಟಿಯನ್ನು ಲಾಭದ ಮೇಲೆ ಅಲ್ಲ, ಮಾರಾಟದ ಮೇಲೆ ಲೆಕ್ಕ ಹಾಕುವುದರಿಂದ ಹೀಗಾಗುತ್ತದೆ. ಒಬ್ಬನ ಕಣ್ಣು ಮಾರಾಟದ ಮೇಲೆ, ಇನ್ನೊಬ್ಬನ ಕಣ್ಣು ಉಳಿಕೆಯ ಮೇಲೆ. ‘ಒಂದು ಕೊಂಡರೆ ಇನ್ನೊಂದು ಉಚಿತ’ ಎಂಬ ಕೊಡುಗೆಗಳ ಬಗ್ಗೆ ಇಬ್ಬರಿಗೂ ಜಗಳ ಹುಟ್ಟುವುದು ಇಲ್ಲಿಂದಲೇ.

ತೆರಿಗೆಯ ಬಗ್ಗೆ ಒಂದು ಮಾತನ್ನು ಇಲ್ಲೇ ಸೇರಿಸಬೇಕು. ಸಾಮಾನ್ಯ ವ್ಯಾಪಾರಿಯು ತಾನು ಕೊಟ್ಟ ಜಿಎಸ್‌ಟಿಯನ್ನು ತಾನು ವಸೂಲು ಮಾಡಿದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ ಶೇಕಡ 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರ ಮಂದಿರಗಳಿಗೆ 2017ರ ನವೆಂಬರಿನಿಂದ ಈ ಸೌಲಭ್ಯವಿಲ್ಲ. ಆದ್ದರಿಂದ ರಾಯಲ್ಟಿ ಮತ್ತು ಬಾಡಿಗೆಯ ಮೇಲಿನ ತೆರಿಗೆ ಅವರಿಗೆ ಪೂರ್ತಿ ವೆಚ್ಚವೇ. ಶೇಕಡ 6 ಎಂದು ಬರೆದ ರಾಯಲ್ಟಿ ಹೋಟೆಲಿನವರಿಗೆ ವಾಸ್ತವವಾಗಿ ಶೇಕಡ 7ಕ್ಕಿಂತ ಹೆಚ್ಚಾಗುತ್ತದೆ. ಬಟ್ಟೆ ಅಥವಾ ಪಾದರಕ್ಷೆಯ ಮಳಿಗೆಯವರಿಗೆ ಈ ತೊಡಕಿಲ್ಲ.

ಮೂಲ ಉದ್ಯಮಿಯು ಈ ಲೆಕ್ಕವನ್ನು ಫ್ರಾಂಚೈಸಿದಾರನಿಗಿಂತ ಮೊದಲು ತಾನೇ ಹಾಕಬೇಕು. ಹತ್ತು ಶಾಖೆಗಳಿಂದ ತಿಂಗಳಿಗೆ 3,60,000 ರಾಯಲ್ಟಿ ಬರುತ್ತದೆಂದು ಸಂತೋಷಪಡುವ ಮುನ್ನ, ಅವುಗಳಲ್ಲಿ ಎಷ್ಟು ಶಾಖೆಗಳು ಎರಡು ವರ್ಷ ಉಳಿಯಬಲ್ಲವು ಎಂದು ಕೇಳಿಕೊಳ್ಳಬೇಕು. ತರಬೇತಿಗೆ ಇಬ್ಬರು, ಶಾಖೆಗಳನ್ನು ಸುತ್ತಿ ನೋಡಲು ಇಬ್ಬರು, ಲೆಕ್ಕಕ್ಕೆ ಒಬ್ಬರು ಬೇಕಾಗುತ್ತಾರೆ. ರಾಯಲ್ಟಿಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಆರಂಭಿಕ ಶುಲ್ಕವನ್ನೇ ಆದಾಯವೆಂದು ಬಗೆದು ವಾರಕ್ಕೊಂದು ಶಾಖೆ ಹಂಚುವವರು ಹೆಸರನ್ನು ಮಾರುತ್ತಿದ್ದಾರೆಯೇ ಹೊರತು ಬೆಳೆಸುತ್ತಿಲ್ಲ. ಅಂಥವರಿಗೆ ಹಣ ಕಟ್ಟುವವರಲ್ಲಿ ನಿವೃತ್ತಿಯ ಉಪದಾನವನ್ನೂ ಮನೆಯೊಡತಿಯ ಒಡವೆಯನ್ನೂ ತಂದು ಸುರಿದವರು ಇರುತ್ತಾರೆ ಎಂಬುದನ್ನು ಮರೆಯಲಾಗದು.

ಹಳೆಯ ಕರಾರುಗಳು ಕಲಿಸಿದ್ದು

ಕರಾರಿನ ಒಂದೊಂದು ಸಾಲಿಗೂ ಬೆಲೆಯಿದೆ ಎಂಬುದಕ್ಕೆ ಅಮೆರಿಕದ ಕೋಕಾ ಕೋಲಾ ಕಂಪನಿಯ ಕಥೆ ಪ್ರಸಿದ್ಧವಾಗಿದೆ. 1899ರಲ್ಲಿ ಚಟನೂಗ ನಗರದ ಇಬ್ಬರು ವಕೀಲರು ಬಂದು, ಪಾನೀಯವನ್ನು ಸೀಸೆಗಳಲ್ಲಿ ತುಂಬಿ ಮಾರುವ ಹಕ್ಕನ್ನು ಕೇಳಿದರು. ಆಗ ಅದು ಅಂಗಡಿಗಳಲ್ಲಿ ಲೋಟಕ್ಕೆ ಸುರಿದು ಮಾರುವ ಪಾನೀಯವಾಗಿತ್ತು. ಸೀಸೆಯ ವ್ಯಾಪಾರದಲ್ಲಿ ನಂಬಿಕೆಯಿಲ್ಲದ ಮಾಲೀಕ ಏಸಾ ಕ್ಯಾಂಡ್ಲರ್ ಕೇವಲ 1 ಡಾಲರಿಗೆ ಆ ಹಕ್ಕನ್ನು ಬಿಟ್ಟುಕೊಟ್ಟರು. ಕರಾರಿಗೆ ಅವಧಿಯಿರಲಿಲ್ಲ, ಸಿರಪ್ಪಿನ ದರವೂ ನಿಗದಿಯಾಗಿಬಿಟ್ಟಿತು. ಮೊದಲ ಮಹಾಯುದ್ಧದ ಹೊತ್ತಿಗೆ ಸಕ್ಕರೆಯ ಬೆಲೆ ಏರಿದಾಗ ಕಂಪನಿ ಇಕ್ಕಟ್ಟಿಗೆ ಸಿಕ್ಕಿತು. 1920ರಲ್ಲಿ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ, ಸಕ್ಕರೆಯ ಬೆಲೆಗೆ ಅನುಗುಣವಾಗಿ ಸಿರಪ್ಪಿನ ದರ ಬದಲಾಗುವಂತೆ ರಾಜಿಯಾಯಿತು. ಆದರೂ ಇದೇ ಕರಾರು ಕಂಪನಿಯನ್ನು ಬೆಳೆಸಿತು ಎಂಬುದೂ ನಿಜ. ಊರೂರುಗಳಲ್ಲಿ ಸೀಸೆ ತುಂಬುವ ಘಟಕಗಳನ್ನು ಕಟ್ಟಿದ್ದು ಕ್ಯಾಂಡ್ಲರ್ ಅವರ ಹಣವಲ್ಲ, ಸ್ಥಳೀಯರ ಹಣ.

ಮ್ಯಾಕ್‌ಡೊನಾಲ್ಡ್ಸ್ ಕಥೆಯಲ್ಲಿ ಪಾಠ ಬೇರೆ. 1955ರಲ್ಲಿ ಇಲಿನಾಯ್ ರಾಜ್ಯದಲ್ಲಿ ತನ್ನ ಮೊದಲ ಮಳಿಗೆ ತೆರೆದ ರೇ ಕ್ರಾಕ್ ಮಾರಾಟದ ಶೇಕಡ 1.9ನ್ನು ಪಡೆಯುತ್ತಿದ್ದರು, ಅದರಲ್ಲಿ ಶೇಕಡ 0.5 ಮೂಲ ಮಾಲೀಕರಾದ ಮ್ಯಾಕ್‌ಡೊನಾಲ್ಡ್ ಸಹೋದರರಿಗೆ ಹೋಗುತ್ತಿತ್ತು. ಉಳಿದುದರಲ್ಲಿ ಕಚೇರಿಯ ವೆಚ್ಚವೂ ಗಿಟ್ಟುತ್ತಿರಲಿಲ್ಲ. ಆಗ ಅವರ ಸಹೋದ್ಯೋಗಿ ಹ್ಯಾರಿ ಸಾನಬಾರ್ನ್ ಹೊಸ ದಾರಿ ತೋರಿಸಿದರು: ನಿವೇಶನವನ್ನು ಕಂಪನಿಯೇ ಗುತ್ತಿಗೆಗೆ ಪಡೆದು ಫ್ರಾಂಚೈಸಿದಾರನಿಗೆ ಹೆಚ್ಚಿನ ಬಾಡಿಗೆಗೆ ಕೊಡುವುದು. ಇದರಿಂದ ಆದಾಯವೂ ಬಂತು, ಹಿಡಿತವೂ ಬಂತು. ಶುಚಿತ್ವದ ನಿಯಮ ಮುರಿದವನು ಹೆಸರನ್ನಷ್ಟೇ ಅಲ್ಲ, ಕಟ್ಟಡವನ್ನೂ ಕಳೆದುಕೊಳ್ಳಬೇಕಾಗಿತ್ತು. 1961ರಲ್ಲಿ ಕ್ರಾಕ್ 27 ಲಕ್ಷ ಡಾಲರಿಗೆ ಸಹೋದರರ ಹಕ್ಕುಗಳನ್ನು ಕೊಂಡರು.

ಇದೇ ಕಂಪನಿ ಭಾರತದಲ್ಲಿ 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಮೊದಲ ಮಳಿಗೆ ತೆರೆಯಿತು. ದೇಶವನ್ನು ಇಬ್ಬರು ಪಾಲುದಾರರಿಗೆ ಹಂಚಲಾಯಿತು. ಉತ್ತರ ಮತ್ತು ಪೂರ್ವದ ಪಾಲುದಾರರೊಡನೆ 2013ರಲ್ಲಿ ವಿವಾದ ಎದ್ದಿತು. 2017ರಲ್ಲಿ 169 ಮಳಿಗೆಗಳ ಪರವಾನಗಿಯನ್ನು ರದ್ದುಪಡಿಸುವವರೆಗೆ ಅದು ಬೆಳೆಯಿತು. 2019ರಲ್ಲಿ ಕಂಪನಿಯು ಪಾಲುದಾರರ ಷೇರುಗಳನ್ನು ಕೊಂಡು ರಾಜಿಯಾಯಿತು. ಪಶ್ಚಿಮ ಮತ್ತು ದಕ್ಷಿಣದಲ್ಲಿ ಅದೇ ಹೆಸರು, ಅದೇ ತಿನಿಸು, ಆದರೆ ಈ ತೊಂದರೆ ಇರಲಿಲ್ಲ. ಹೆಸರು ಒಂದೇ ಆದರೂ ಪಾಲುದಾರರೊಡನೆ ಇರುವ ಸಂಬಂಧ ಒಂದೊಂದು ಕಡೆ ಒಂದೊಂದು ಬಗೆ.

ನಮ್ಮ ಕಾನೂನು

ಅಮೆರಿಕದಲ್ಲಿ 1979ರಿಂದ ಜಾರಿಯಲ್ಲಿರುವ ನಿಯಮದಂತೆ, ಕರಾರಿಗೆ ಸಹಿ ಹಾಕುವ ಅಥವಾ ಹಣ ಕಟ್ಟುವ ಮುನ್ನ ಫ್ರಾಂಚೈಸಿದಾರನಿಗೆ ಎಲ್ಲ ವಿವರಗಳ ಪತ್ರವನ್ನು ಕೊಡಬೇಕು. ಈಗಿನ ನಿಯಮದಲ್ಲಿ ಇದಕ್ಕೆ ಕನಿಷ್ಠ 14 ದಿನಗಳ ಅವಧಿಯಿದೆ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. 1872ರ ಕರಾರು ಕಾಯಿದೆ, ವ್ಯಾಪಾರಚಿಹ್ನೆ ಕಾಯಿದೆ, 2002ರ ಸ್ಪರ್ಧಾ ಕಾಯಿದೆ ಇವುಗಳ ನೆರಳಿನಲ್ಲೇ ವ್ಯವಹಾರ ನಡೆಯುತ್ತದೆ. ಹೀಗಾಗಿ ಕೇಳದಿದ್ದರೆ ಹೇಳುವವರಿಲ್ಲ. ಮೂಲ ಸಂಸ್ಥೆ ನೋಂದಾಯಿತ ಕಂಪನಿಯಾಗಿದ್ದರೆ ಅದರ ವಾರ್ಷಿಕ ಲೆಕ್ಕಪತ್ರಗಳನ್ನು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಶುಲ್ಕ ಕಟ್ಟಿ ನೋಡಬಹುದು. ವ್ಯಾಪಾರಚಿಹ್ನೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ಸಾರ್ವಜನಿಕ ದಾಖಲೆಯಲ್ಲಿ ಪರಿಶೀಲಿಸಬಹುದು. ಒಮ್ಮೆ ಮಾಡಿದ ನೋಂದಣಿ 10 ವರ್ಷ ಊರ್ಜಿತವಾಗಿರುತ್ತದೆ, ಅನಂತರ ನವೀಕರಿಸಬೇಕು. ಮೂಲ ಉದ್ಯಮಿಯಂತೂ ಮೊದಲ ಫ್ರಾಂಚೈಸಿಯ ಮಾತುಕತೆಗೂ ಮುನ್ನ ನೋಂದಣಿಯ ಅರ್ಜಿ ಹಾಕಿರಬೇಕು.

ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪನಿ ಮತ್ತು ಕೋಕಾ ಕೋಲಾ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಈ ಕ್ಷೇತ್ರಕ್ಕೆ ಆಧಾರವಾಗಿದೆ. 1993ರ ಕರಾರಿನಂತೆ ಕೋಕಾ ಕೋಲಾದ ಪಾನೀಯಗಳನ್ನು ತುಂಬುತ್ತಿದ್ದ ಘಟಕದ ಒಡೆತನ ಪೆಪ್ಸಿಯ ಕಡೆಯವರ ಕೈಗೆ ಹೋಗಿತ್ತು. ಕರಾರು ಜಾರಿಯಲ್ಲಿರುವಷ್ಟು ಕಾಲ ಪ್ರತಿಸ್ಪರ್ಧಿಯ ಸರಕನ್ನು ತುಂಬಬಾರದೆಂಬ ಷರತ್ತು ವ್ಯಾಪಾರ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ, ಅದು ಊರ್ಜಿತ ಎಂದು ನ್ಯಾಯಾಲಯ ಹೇಳಿತು. ಕರಾರು ಮುಗಿದ ಮೇಲಿನ ನಿರ್ಬಂಧದ ಸಂಗತಿ ಬೇರೆ. ಕರಾರು ಕಾಯಿದೆಯ 27ನೆಯ ಪ್ರಕರಣದ ಪ್ರಕಾರ ಅಂಥ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. 2006ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಎಂದರೆ, ಐದು ವರ್ಷ ನಿಮ್ಮ ಹೆಸರಿನಲ್ಲಿ ಇಡ್ಲಿ ಮಾರಿದವನು ಆರನೆಯ ವರ್ಷ ತನ್ನ ಹೆಸರಿನಲ್ಲಿ ಇಡ್ಲಿ ಮಾರುವುದನ್ನು ತಡೆಯುವುದು ಕಷ್ಟ. ನಿಮ್ಮ ಚಿಹ್ನೆಯನ್ನೂ ಗೋಪ್ಯ ಪಾಕವನ್ನೂ ಬಳಸದಂತೆ ಮಾತ್ರ ತಡೆಯಬಹುದು. ಮಸಾಲೆ ಪುಡಿಯ ಡಬ್ಬಿಯನ್ನು ಕೊಡಿ, ಅದರ ಅಳತೆಯ ಚೀಟಿಯನ್ನು ಕೊಡಬೇಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಕರಾರು ಬರೆಯುವಾಗ ಜನ ರಾಯಲ್ಟಿಯ ದರದ ಮೇಲೆ ತಿಂಗಳುಗಟ್ಟಲೆ ಚೌಕಾಸಿ ಮಾಡಿ ಅವಧಿಯ ವಿಷಯವನ್ನು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಮುಂಬಯಿ, ಪುಣೆಗಳಲ್ಲಿ ಅಂಗಡಿಯ ಜಾಗವನ್ನು ಹೆಚ್ಚಾಗಿ ಲೀವ್ ಅಂಡ್ ಲೈಸೆನ್ಸ್ ಮೇಲೆ ಕೆಲವೇ ವರ್ಷಗಳಿಗೆ ಪಡೆಯುತ್ತಾರೆ. ಜಾಗದ ಅವಧಿ ಮೂರು ವರ್ಷ, ಫ್ರಾಂಚೈಸಿಯ ಅವಧಿ ಒಂಬತ್ತು ವರ್ಷ ಎಂದಾದರೆ, ಮೂರನೆಯ ವರ್ಷ ಜಾಗ ಹೋದಾಗ ಉಳಿದ ಆರು ವರ್ಷದ ಗತಿಯೇನು, ಹೊಸ ಜಾಗಕ್ಕೆ ಮತ್ತೆ ಆರಂಭಿಕ ಶುಲ್ಕವೇ ಎಂಬುದನ್ನು ಮೊದಲೇ ಬರೆದುಕೊಂಡಿರಬೇಕು. ಅಕ್ಕಪಕ್ಕ ಎಷ್ಟು ದೂರದವರೆಗೆ ಇನ್ನೊಂದು ಶಾಖೆ ಕೊಡುವುದಿಲ್ಲ ಎಂಬುದೂ, ಮನೆಗೆ ತಲುಪಿಸುವ ಮೊಬೈಲ್ ಆ್ಯಪ್‌ಗಳ ಮೂಲಕ ಬರುವ ಬೇಡಿಕೆಗೆ ಆ ಗಡಿ ಅನ್ವಯಿಸುತ್ತದೆಯೇ ಎಂಬುದೂ ಲಿಖಿತದಲ್ಲಿರಲಿ. ವಿವಾದ ಬಂದರೆ ಮಧ್ಯಸ್ಥಿಕೆ ಯಾವ ಊರಿನಲ್ಲಿ ನಡೆಯಬೇಕು ಎಂಬ ಸಾಲು ಚಿಕ್ಕದಾಗಿ ಕಾಣುತ್ತದೆ. ಚೆನ್ನೈಯ ಚಿಕ್ಕ ವ್ಯಾಪಾರಿಗೆ ದೆಹಲಿಯ ಮಧ್ಯಸ್ಥಿಕೆ ಎಂದರೆ ಹಕ್ಕನ್ನು ಬಿಟ್ಟುಕೊಟ್ಟಂತೆಯೇ. ಆಹಾರದ ವ್ಯಾಪಾರವಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯ ಪರವಾನಗಿ ಅಥವಾ ನೋಂದಣಿ ಪ್ರತಿ ಶಾಖೆಗೂ ಪ್ರತ್ಯೇಕವಾಗಿ ಬೇಕು. ಮೂಲ ಹೋಟೆಲಿನ ಪರವಾನಗಿ ಶಾಖೆಗೆ ನಡೆಯುವುದಿಲ್ಲ.

ಇನ್ನೊಂದು ಷರತ್ತನ್ನು ಕರಾರು ಬರೆಯುವ ಸಂಭ್ರಮದಲ್ಲಿ ಯಾರೂ ಕೇಳಲು ಇಷ್ಟಪಡುವುದಿಲ್ಲ. ಫ್ರಾಂಚೈಸಿದಾರನು ಅವಧಿಯ ನಡುವೆ ತೀರಿಕೊಂಡರೆ ಹಕ್ಕು ಹೆಂಡತಿಗೆ ಅಥವಾ ಮಕ್ಕಳಿಗೆ ಮುಂದುವರಿಯುತ್ತದೆಯೇ, ಅವರು ತರಬೇತಿ ಪಡೆಯಲು ಎಷ್ಟು ತಿಂಗಳ ಕಾಲಾವಕಾಶವಿದೆ, ನಡೆಸಲಾಗದಿದ್ದರೆ ಮಳಿಗೆಯನ್ನು ಬೇರೆಯವರಿಗೆ ಮಾರಬಹುದೇ, ಮಾರಿದರೆ ಮೂಲ ಸಂಸ್ಥೆಗೆ ವರ್ಗಾವಣೆ ಶುಲ್ಕವೆಷ್ಟು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಮನೆಯವರಿಗೂ ಒಮ್ಮೆ ಓದಿ ಹೇಳುವುದು ಒಳ್ಳೆಯದು.